ಬೆಟ್ಟದ ಅಂತರಗಂಗೆ, ಕೆರೆಯ ಅಂತರಗಂಗೆ

ಕೋಲಾರದವರಿಗೆ ಅಂತರಗಂಗೆ ಎಂದೊಡನೆ ನೆನಪಾಗುವುದು ಶತಶೃಂಗ ಪರ್ವತದ ಕಾಶೀ ವಿಶ್ವೇಶ್ವರನ ಗುಡಿ, ಅಲ್ಲಿ ಕಲ್ಲಬಸವನ ಬಾಯಿಂದ ವರ್ಷವಿಡೀ ಹರಿಯುವ ನೀರು. ಕನ್ನಡದಲ್ಲಿ ಅದೇ ಹೆಸರಿನ ಗಿಡವೂ ಒಂದುಂಟು. ನೆಲಕ್ಕೆ ಬೇರೂರದೆ, ಎಲೆಗೋಸಿನ ಆಕಾರದಲ್ಲಿ ನೀರಿನ ಮೇಲೆ ತೇಲುವ ಸಣ್ಣ ಸಸ್ಯಕ್ಕೆ ನಮ್ಮ ಹಿರಿಯರು ಅಂತರಗಂಗೆ ಎಂದು ಕರೆದರು. ಮುಂದೆ ದಕ್ಷಿಣ ಅಮೆರಿಕದಿಂದ ಬಂದ, ನೇರಳೆ ಹೂವಿನ ಜಲಕುಂಭಿಗೂ ಪತ್ರಿಕೆಗಳವರು ಅದೇ ಹೆಸರನ್ನು ಕೊಟ್ಟರು. ಬೆಟ್ಟದ ಮೇಲಿನ ಅಂತರಗಂಗೆ ನಮ್ಮ ಬರಡು ಜಿಲ್ಲೆಯ ಭಾಗ್ಯವೆನಿಸಿದ್ದರೆ, ಕೆರೆಯ ಅಂತರಗಂಗೆ ಇಂದು ಊರೂರಿನ ಚಿಂತೆಯಾಗಿದೆ.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆಯೊಂದಿದೆ: "ಮೇಷ್ಟ್ರೇ, ನಮ್ಮೂರ ಕೆರೆಯನ್ನು ಕಳೆ ಮುಚ್ಚಿಬಿಟ್ಟಿದೆ. ಔಷಧಿ ಹೊಡೆಸಿದರೆ ಹೋಗುತ್ತದೆಯೇ?" ನಾನು ಕೃಷಿತಜ್ಞನಲ್ಲ, ಇತಿಹಾಸ ಪಾಠ ಹೇಳಿದವನು. ಆದರೂ ಈ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿಯೇ ಬಹುಮಟ್ಟಿಗೆ ದೊರೆಯುತ್ತದೆಂಬುದು ನನ್ನ ನಂಬಿಕೆ.

ಕೋಲಾರ ಜಿಲ್ಲೆಗೆ ಜೀವನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಮಾರ್ಕಂಡೇಯ, ಪಾಪಾಗ್ನಿ ಇವೆಲ್ಲ ಮಳೆ ಬಂದಾಗ ಹರಿಯುವ ಹೊಳೆಗಳು. ಆದಕಾರಣ ಇಲ್ಲಿನವರು ಹನಿ ನೀರನ್ನೂ ತಡೆದು ಕೆರೆ ಕಟ್ಟಿದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮೊದಲು ಅವಿಭಜಿತ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಊರ ಹೆಸರುಗಳ ಕೊನೆಯ 'ಸಂದ್ರ' ಎಂಬುದು 'ಸಮುದ್ರ'ದ ತದ್ಭವ. ಸೋಮಾಂಬುಧಿ ಅಗ್ರಹಾರದ ಹೆಸರಿನಲ್ಲಂತೂ ಕಡಲೇ ಇದೆ! ಕಡಲನ್ನೇ ಕಾಣದ ಜನ ತಮ್ಮ ಕೆರೆಯನ್ನು ಸಾಗರವೆಂದು ಕರೆದು ಗೌರವಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು, ಈ ಸಂಸ್ಥಾನದಲ್ಲಿ ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟ ಎಂಬರ್ಥದ ಮಾತನ್ನು ಬರೆದಿಟ್ಟಿದ್ದಾರೆ.

ಕಟ್ಟಿದ್ದಕ್ಕಿಂತ ಹಿರಿದಾದ ಸಂಗತಿಯೆಂದರೆ ಉಳಿಸಿಕೊಂಡದ್ದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿಯಾಗಿ ಕೋಲಾರ ಜಿಲ್ಲೆಯ ಶಾಸನಗಳದ್ದು. ಕೆರೆ ಕಟ್ಟಿಸಿದವನಿಗೆ, ಒಡೆದ ಏರಿಯನ್ನು ಸರಿಪಡಿಸಿದವನಿಗೆ ಭೂಮಿ ಬಿಟ್ಟ ವಿಷಯ ನಮ್ಮ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಹುಟ್ಟಿದ್ದೇ ಈ ವ್ಯವಸ್ಥೆಯಿಂದ. ಹೂಳು ಹೊರುವ ಬಂಡಿಗೂ ಅದನ್ನೆಳೆಯುವ ಕೋಣಗಳಿಗೂ ದತ್ತಿ ಬಿಟ್ಟ ಉಲ್ಲೇಖಗಳಿವೆ. ವಿದ್ಯಾರ್ಥಿಗಳೇ, ಇದನ್ನು ಗಮನವಿಟ್ಟು ನೋಡಿ. ಅಂದಿನವರು ಕೆರೆಯನ್ನು ಕಟ್ಟುವಾಗಲೇ ಮುಂದಿನ ನೂರು ವರ್ಷ ಅದರ ಕೊಳೆ ತೆಗೆಯುವವನ ಕೂಲಿಯನ್ನೂ ಎತ್ತಿಟ್ಟಿದ್ದರು.

ಹಾಗಾದರೆ ಹಿಂದೆ ಕೆರೆಗಳಲ್ಲಿ ಕಳೆ ಇರಲಿಲ್ಲವೇ? ಖಂಡಿತ ಇತ್ತು. ಜೊಂಡು, ಆಪು, ಪಾಚಿ, ತಾವರೆ, ನೈದಿಲೆ ಎಲ್ಲವೂ ಇದ್ದವು. ಆದರೆ ಅವು ಕೆರೆಯನ್ನು ನುಂಗಲಿಲ್ಲ. ಅದಕ್ಕೆ ಮೂರು ಕಾರಣಗಳು. ಮೊದಲನೆಯದು, ನಮ್ಮ ಬಹುಪಾಲು ಕೆರೆಗಳು ಬೇಸಿಗೆಯಲ್ಲಿ ಬತ್ತುತ್ತಿದ್ದವು. ನೀರೇ ಇಲ್ಲದಾಗ ನೀರಕಳೆ ಬಾಡಿ ಸಾಯುತ್ತಿತ್ತು. ಎರಡನೆಯದು, ಬತ್ತಿದ ಕೆರೆಯ ಗೋಡು ರೈತನಿಗೆ ಬೇಕಾಗಿತ್ತು. ಎಪ್ಪತ್ತರ ದಶಕದಲ್ಲಿ ನಾನು ಶ್ರೀನಿವಾಸಪುರ ತಾಲ್ಲೂಕಿನ ಶಾಲೆಗೆ ಬಂದಾಗಲೂ, ಯುಗಾದಿ ಕಳೆದ ಮೇಲೆ ಎತ್ತಿನ ಗಾಡಿಗಳು ಸಾಲುಗಟ್ಟಿ ಕೆರೆಯಂಗಳಕ್ಕೆ ಇಳಿಯುತ್ತಿದ್ದವು. ಆ ಗೋಡು ರಾಗಿಯ ಹೊಲಕ್ಕೂ ಹಿಪ್ಪುನೇರಳೆಯ ತೋಟಕ್ಕೂ ಹೋಗುತ್ತಿತ್ತು. ಮಾಲೂರಿನ ಕಡೆ ಕೆರೆಯ ಜೇಡಿಮಣ್ಣು ಇಟ್ಟಿಗೆ, ಹೆಂಚುಗಳಾಗುತ್ತಿತ್ತು. ಮಣ್ಣಿನೊಡನೆ ಕಳೆಯ ಬೀಜವೂ ಗೆಡ್ಡೆಯೂ ಹೊರಹೋಗುತ್ತಿದ್ದವು. ಮೂರನೆಯದು, ಕಳೆಗೂ ಬೆಲೆಯಿತ್ತು. ಜೊಂಡು ಕೊಯ್ದು ಚಾಪೆ ಹೆಣೆಯುವವರಿದ್ದರು, ದನಕ್ಕೆ ಹಸಿರು ಒಯ್ಯುವವರಿದ್ದರು. ಇವರೆಲ್ಲರ ಮೇಲೆ ಒಂದು ಕಣ್ಣಿಟ್ಟು, ತೂಬನ್ನು ತೆರೆದು ಮುಚ್ಚುವ ನೀರಗಂಟಿಯಿದ್ದ.

ಜಲಕುಂಭಿಯ ಕಥೆ ಬೇರೆ. ಅಮೆಜಾನ್ ಪ್ರದೇಶದ ಈ ಗಿಡ ಹೂವಿನ ಚೆಲುವಿನಿಂದಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ಬಂದಿತು. ಕೆಲವೇ ದಶಕಗಳಲ್ಲಿ ಅಲ್ಲಿನ ನದಿ, ಗದ್ದೆಗಳನ್ನು ಎಷ್ಟು ಮುಚ್ಚಿತೆಂದರೆ, 1936ರಲ್ಲಿ ಅದರ ನಿರ್ಮೂಲನಕ್ಕೆಂದೇ ಬಂಗಾಳ ಸರ್ಕಾರ ಒಂದು ಕಾಯಿದೆ ಮಾಡಬೇಕಾಯಿತು. ಅನುಕೂಲ ಹವೆಯಲ್ಲಿ ಒಂದೆರಡು ವಾರಗಳಲ್ಲಿ ಅದರ ಹರಹು ಇಮ್ಮಡಿಯಾಗುತ್ತದೆ. ಬೀಜ ಕೆಸರಿನಲ್ಲಿ ಹದಿನೈದು, ಇಪ್ಪತ್ತು ವರ್ಷ ಕಾದು ಕುಳಿತಿರಬಲ್ಲುದು.

ಇಂಥ ಪರದೇಶಿ ಕಳೆಯನ್ನು ವಿಷವಿಲ್ಲದೆ ಅಡಗಿಸಿದ ಪೂರ್ವೋದಾಹರಣೆ ನಮ್ಮಲ್ಲಿದೆ. ಪಾಪಾಸುಕಳ್ಳಿ ಒಂದು ಕಾಲಕ್ಕೆ ದಕ್ಷಿಣ ಭಾರತದ ಹೊಲ, ದಾರಿಗಳನ್ನೆಲ್ಲ ಆಕ್ರಮಿಸಿತ್ತು. 1926ರಲ್ಲಿ ಶ್ರೀಲಂಕಾದಿಂದ ಒಂದು ಜಾತಿಯ ಬಿಳಿಯ ಕಳ್ಳಿಹುಳುವನ್ನು ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳ್ಳಿ ಕೊಳೆತು ಬಿದ್ದಿತು. ಮೈಸೂರು ಕೃಷಿ ಇಲಾಖೆಯ ಕೀಟಶಾಸ್ತ್ರಜ್ಞ ಕೆ. ಕುಂಞಿಕಣ್ಣನ್ ಅವರು ನಮ್ಮ ಸಂಸ್ಥಾನದಲ್ಲಿ ನಡೆದ ಈ ಕಾರ್ಯವನ್ನು ಕುರಿತು 1930ರಲ್ಲಿ ಬರೆದರು. ಅದೇ ದಾರಿಯಲ್ಲಿ, ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಎಂಬತ್ತರ ದಶಕದ ಆರಂಭದಲ್ಲಿ ಜಲಕುಂಭಿಯನ್ನು ಮಾತ್ರ ತಿನ್ನುವ ಮೂತಿಹುಳುಗಳನ್ನು ಹೊರದೇಶದಿಂದ ತರಿಸಿದರು. ಅರ್ಧ ಸೆಂಟಿಮೀಟರಿನಷ್ಟಿರುವ ಈ ದುಂಬಿ ಎಲೆಯನ್ನು ಕೆರೆಯುತ್ತದೆ, ಮರಿಹುಳು ತೊಟ್ಟಿನೊಳಗೆ ಸುರಂಗ ಕೊರೆದು ಗಿಡದ ಸುಳಿಯನ್ನೇ ಸೇರುತ್ತದೆ. ಹೆಬ್ಬಾಳದ ಕೆರೆಯಲ್ಲಿ ಮೂರು ವರ್ಷದೊಳಗೆ ಕಳೆ ಬಹುಮಟ್ಟಿಗೆ ಅಡಗಿತು. ಆದರೆ ಚರಂಡಿಯ ನೀರು ಹರಿಯುತ್ತಲೇ ಇರುವ ಕಡೆ ಹುಳು ತಿನ್ನುವುದಕ್ಕಿಂತ ವೇಗವಾಗಿ ಗಿಡ ಚಿಗುರುತ್ತದೆ. ಬೆಳ್ಳಂದೂರು ಕೆರೆ ಮತ್ತೆ ಹಸಿರಾಗಿ ಮುಚ್ಚಿಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಕೆರೆ ಪೂರ್ತಿ ಬತ್ತಿದರೆ ಗಿಡದೊಡನೆ ಹುಳುವೂ ಸಾಯುತ್ತದೆ. ಕೆಸರಿನಲ್ಲಿರುವ ಬೀಜ ಮಾತ್ರ ಉಳಿಯುತ್ತದೆ.

ಈ ನಡುವೆ ನಮ್ಮ ಕೆರೆಗಳ ಗತಿ ಏನಾಯಿತು? 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಹುದ್ದೆಗಳು ಹೋದವು. ಅದು ನ್ಯಾಯವಾದ ಕ್ರಮವೇ. ಆದರೆ ನೀರಗಂಟಿ ಮಾಡುತ್ತಿದ್ದ ಕೆಲಸವನ್ನು ಮುಂದೆ ಯಾರು ಮಾಡಬೇಕೆಂಬುದು ಇತ್ಯರ್ಥವಾಗಲಿಲ್ಲ. ಕೊಳವೆಬಾವಿ ಬಂದ ಮೇಲೆ ರೈತನ ಕಣ್ಣು ಕೆರೆಯಿಂದ ನೆಲದಾಳಕ್ಕೆ ಸರಿಯಿತು. ಸಾವಿರ ಅಡಿ ದಾಟಿದರೂ ನೀರು ಸಿಗದ ಕಾಲ ಬಂದಿತು. ಒಣಗಿದ ಕೆರೆಯಂಗಳಗಳಲ್ಲಿ ಸೀಮೆಜಾಲಿ ಬೆಳೆದು ನಿಂತಿತು.

ಇಂಥ ಕೆರೆಗಳಿಗೆ 2018ರ ಜೂನ್ ತಿಂಗಳಿನಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಬರತೊಡಗಿತು. ದಿನಕ್ಕೆ 44 ಕೋಟಿ ಲೀಟರ್ ನೀರು, ಕೋಲಾರ ಜಿಲ್ಲೆಯ 126 ಕೆರೆಗಳು, ಇದು ಯೋಜನೆಯ ಲೆಕ್ಕ. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ಆರಂಭದಲ್ಲಿಯೇ ನೊರೆ ಕಾಣಿಸಿಕೊಂಡು ವಿವಾದ ನ್ಯಾಯಾಲಯಗಳ ಮೆಟ್ಟಿಲೇರಿದ್ದು ನಿಮಗೆ ನೆನಪಿರಬಹುದು. ಬತ್ತಿದ್ದ ಅಂತರ್ಜಲ ಏರಿತೆಂದು ಸಂತೋಷಪಟ್ಟವರಿದ್ದಾರೆ. ಮೂರನೆಯ ಹಂತದ ಶುದ್ಧೀಕರಣವಾಗಲಿ ಎಂದು ಒತ್ತಾಯಿಸುತ್ತಿರುವವರೂ ಇದ್ದಾರೆ. ಎರಡೂ ಮಾತಿನಲ್ಲಿ ಹುರುಳಿದೆ. ಕಳೆಯ ದೃಷ್ಟಿಯಿಂದ ನೋಡಿದರೆ, ಎರಡನೆಯ ಹಂತದವರೆಗೆ ಮಾತ್ರ ಶುದ್ಧವಾದ ನೀರಿನಲ್ಲಿ ಸಾರಜನಕವೂ ರಂಜಕವೂ ಉಳಿದಿರುತ್ತವೆ. ಅದು ಕಳೆಗೆ ಗೊಬ್ಬರ. ಜೊತೆಗೆ ಕೆರೆ ಬೇಸಿಗೆಯಲ್ಲಿಯೂ ಬತ್ತದು. ಹಿಂದೆ ಕಳೆಯನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಬಿಸಿಲೂ ಬಂಡಿಯೂ ಈಗ ಕೆರೆಗಿಳಿಯುವಂತಿಲ್ಲ.

ಇನ್ನು ಔಷಧಿಯ ಮಾತು. ಕಳೆನಾಶಕ ಹೊಡೆದರೆ ಗಿಡ ಸಾಯುವುದು ನಿಜ. ಆದರೆ ಸತ್ತ ರಾಶಿ ಅಲ್ಲಿಯೇ ಮುಳುಗಿ ಕೊಳೆಯುತ್ತದೆ. ನೀರಿನ ಆಮ್ಲಜನಕ ಕುಗ್ಗಿ ಮೀನು ಸಾಯುತ್ತದೆ. ಗಿಡ ಹೀರಿದ್ದ ಸತ್ವವೆಲ್ಲ ನೀರಿಗೇ ಮರಳಿ ಮುಂದಿನ ಕಳೆಗೆ ಆಹಾರವಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಈ ಕೆರೆಗಳನ್ನು ತುಂಬಿಸುತ್ತಿರುವುದೇ ನೀರು ನೆಲಕ್ಕಿಂಗಲಿ ಎಂದು. ಕೆರೆಗೆ ಸುರಿದದ್ದು ನಾಳೆ ನಮ್ಮ ಕೊಳವೆಬಾವಿಯಲ್ಲಿ, ನಾಡಿದ್ದು ನಮ್ಮ ಬಿಂದಿಗೆಯಲ್ಲಿ.

ಆದುದರಿಂದ ಕೈಯಿಂದ ತೆಗೆಯುವುದೇ ಉಳಿದ ದಾರಿ. ಅದಕ್ಕೂ ಕ್ರಮವಿದೆ. ನೀರು ತಗ್ಗಿರುವ ಬೇಸಿಗೆಯಲ್ಲಿ, ಹೂ ಬಿಡುವ ಮೊದಲೇ ಕೆಲಸ ಹಿಡಿಯಬೇಕು. ಗಾಳಿ ಕಳೆಯನ್ನು ಒಂದು ದಡಕ್ಕೆ ನೂಕುತ್ತದೆ. ಆಗ ಬಿದಿರಿನ ಗಳುಗಳನ್ನು ಹಗ್ಗದಿಂದ ಬಿಗಿದು ತೇಲಿಬಿಟ್ಟು ಅದನ್ನು ಅಲ್ಲಿಯೇ ತಡೆದು, ದೋಟಿಯಿಂದ ಎಳೆದು ಹಾಕಬಹುದು. ಗಿಡದ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ನೀರೇ. ದಡದಲ್ಲಿ ಸೋರಲು ಬಿಟ್ಟರೆ ಹೊರುವುದು ಹಗುರವಾಗುತ್ತದೆ. ಆಮೇಲೆ ಮಳೆನೀರಿಗೆ ಮತ್ತೆ ಕೆರೆ ಸೇರದಷ್ಟು ದೂರಕ್ಕೆ ಸಾಗಿಸಬೇಕು. ಜೊಂಡನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ದರೆ, ಕೊಯ್ದ ಬುಡಕ್ಕೆ ಗಾಳಿಯಾಡದೆ ಗೆಡ್ಡೆ ಕೊಳೆಯುತ್ತದೆ. ಆದರೆ ನೀರು ಕೆರೆಗೆ ಸೇರುವ ಮೂಲೆಯಲ್ಲಿ ಒಂದಿಷ್ಟು ಜೊಂಡನ್ನು ಉಳಿಸಬೇಕು, ಅದು ಕೊಳೆಯನ್ನು ಹೀರಿಕೊಳ್ಳುತ್ತದೆ. ನೀರೊಳಗಿನ ಹುಲ್ಲಿಗೆ 1959ರಲ್ಲಿ ದೇಶಕ್ಕೆ ಬಂದ ಹುಲ್ಲುಗೆಂಡೆ ಮೀನು ನೆರವಾಗುತ್ತದೆ. ಜಲಕುಂಭಿಯ ಮೇಲೆ ಅದರ ಆಟ ನಡೆಯದು. ಮಳೆಯ ನೀರಷ್ಟೇ ಇರುವ ಕುಂಟೆಯ ಕಳೆಯನ್ನು ಸಗಣಿಯೊಡನೆ ಕೊಳೆಸಿ ಗೊಬ್ಬರ ಮಾಡಬಹುದು. ನಗರದ ನೀರು ಕುಡಿದ ಜಲಕುಂಭಿ ಭಾರಲೋಹಗಳನ್ನು ಹೀರಿರುವ ಸಂಭವವಿರುವುದರಿಂದ ಅದನ್ನು ದನಕ್ಕೆ ಹಾಕಬಾರದು, ಸೊಪ್ಪು ತರಕಾರಿಯ ಮಡಿಗೂ ಸಲ್ಲದು. ಅಂಥ ನೀರಿಗಿಳಿಯುವವರು ಕೈಗವಸು, ಬೂಟು ತೊಡಬೇಕು. ಹದಿನೈದು ದಿನಕ್ಕೆ ಉಳಿದ ಸಸಿಗಳನ್ನು ಆಯಲೇಬೇಕು. ಮರುವರ್ಷವೂ ಆಯಬೇಕು.

ಈ ಕೊನೆಯ ಮಾತೇ ಎಲ್ಲರಿಗೂ ಬೇಸರ ತರುವಂಥದು. ಜೆಸಿಬಿ ತಂದು, ಹಾರ ಹಾಕಿ, ಫೋಟೋ ತೆಗೆಸಿ ಒಂದು ದಿನ ಮಾಡುವ ಸ್ವಚ್ಛತೆಗೆ ಹಣ ಹುಟ್ಟುತ್ತದೆ. ಪ್ರತಿವರ್ಷ ಇಬ್ಬರು ಮೂವರಿಗೆ ಕೂಲಿ ಕೊಟ್ಟು ಕೆರೆ ಕಾಯಿಸುವುದಕ್ಕೆ ಹುಟ್ಟುವುದಿಲ್ಲ. ಬಂಡಿಗೂ ಕೋಣಕ್ಕೂ ದತ್ತಿ ಬಿಟ್ಟವರಿಗೆ ತಿಳಿದಿದ್ದ ಲೆಕ್ಕ ಇದೇ. ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಇರುವ ನಮ್ಮ ಮಕ್ಕಳು, ಬಂಧುಗಳು ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಧಾರಾಳವಾಗಿ ಕೊಡುತ್ತೀರಿ. ಊರ ಕೆರೆಯ ನೀರಗಂಟಿಯೊಬ್ಬನ ವರ್ಷದ ಕೂಲಿಯನ್ನು ನಾಲ್ಕು ಮನೆಯವರು ಸೇರಿ ಹೊತ್ತರೆ, ಅದು ಇಂದಿನ ಕಟ್ಟುಕೊಡಗೆಯಾಗುತ್ತದೆ. ನಿಮ್ಮ ಊರಿನಲ್ಲಿ ಯಾರಾದರೂ ಹೀಗೆ ಆರಂಭಿಸಿದ್ದರೆ ಬರೆದು ತಿಳಿಸಿ, ಉಳಿದವರಿಗೂ ಹೇಳುತ್ತೇನೆ.