ಕುದಿನೀರಿನ ಮೇಲಣ ಅಟ್ಟಣೆ

ಅರಸರ ದಂಡಯಾತ್ರೆಗಳಿಗೆ ಶಿಲಾಶಾಸನಗಳುಂಟು, ದಾನದತ್ತಿಗಳಿಗೆ ತಾಮ್ರಪಟಗಳುಂಟು. ಆದರೆ ಬೆಳಗಿನ ಜಾವದಲ್ಲೆದ್ದು ಒಲೆ ಹೊತ್ತಿಸಿ ಮನೆಮಂದಿಗೆಲ್ಲ ಬೇಯಿಸಿಕ್ಕಿದ ಗೃಹಿಣಿಯ ಉಪಕರಣಗಳ ಚರಿತ್ರೆಯನ್ನು ಯಾವ ಬಂಡೆಯ ಮೇಲೂ ಕೆತ್ತಿಲ್ಲ. ಅವುಗಳ ಇತಿಹಾಸವನ್ನು ಅರಿಯಬೇಕಾದರೆ ಕಾವ್ಯ, ವೈದ್ಯ, ರಸಶಾಸ್ತ್ರ, ಭಾಷೆ ಮೊದಲಾದ ಹಲವು ಕಡೆಗಳಲ್ಲಿ ಚದರಿಬಿದ್ದಿರುವ ಸುಳಿವುಗಳನ್ನು ಆಯ್ದು ತರಬೇಕಾಗುತ್ತದೆ. ಈ ಲೇಖನದಲ್ಲಿ ಅಂತಹ ಒಂದು ಅಲ್ಪವಾದ, ಆದರೆ ಬಹೂಪಕಾರಿಯಾದ ಸಾಧನದ ಚರಿತ್ರೆಯನ್ನು ನಿರೂಪಿಸಲು ಯತ್ನಿಸಿದೆ. ಅದು ಯಾವುದೆಂದರೆ, ಕುದಿಯುವ ನೀರಿನ ಪಾತ್ರೆಯೊಳಗೆ ಬೇರೊಂದು ಪಾತ್ರೆಯನ್ನೋ ತಟ್ಟೆಯನ್ನೋ ನೀರಿಗೆ ಸೋಕದಂತೆ ಎತ್ತಿ ಹಿಡಿಯುವ ಅಟ್ಟಣೆ.

ನಮ್ಮ ಕಾಸರಗೋಡು ಸೀಮೆಯ ವಾಚಕರಿಗೆ ಈ ಸಾಧನವನ್ನು ಪರಿಚಯ ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಹವ್ಯಕರ ಮನೆಗಳಲ್ಲಿ ಇದು ‘ಅಟ್ಟಿನಳಗೆ’. ತುಳು ಮಾತನಾಡುವ ನೆರೆಯವರಲ್ಲಿ ‘ತೊಂದೂರು’. ಮಲೆಯಾಳದ ಬಾಂಧವರಲ್ಲಿ ‘ಅಪ್ಪಚ್ಚೆಂಬು’. ಒಳಗೆ ಕಲಾಯಿ ಹಾಕಿಸಿದ ತಾಮ್ರದ ಪಾತ್ರೆ, ಅದರ ತಳದಲ್ಲಿ ನೀರು, ನಡುವೆ ತೂತುಗಳುಳ್ಳ ಒಂದು ತಟ್ಟೆ, ಮೇಲೆ ಮುಚ್ಚಳ. ಇಷ್ಟರಲ್ಲೇ ಕಡುಬು, ಕೊಟ್ಟೆ, ಮೂಡೆ, ಪತ್ರೊಡೆ, ಅರಸಿನ ಎಲೆಯ ಗಟ್ಟಿ ಎಲ್ಲವೂ ಬೇಯುತ್ತವೆ. ಹಬ್ಬದ ಮುನ್ನಾ ದಿನ ಅಟ್ಟದಿಂದ ಇಳಿಸಿ ಹುಣಿಸೆಹಣ್ಣು ಹಾಕಿ ತೊಳೆದಿಟ್ಟ ಈ ಪಾತ್ರೆಯನ್ನು ಕಾಣದೆ ಬೆಳೆದ ಮಕ್ಕಳು ಹಿಂದಿನ ಕಾಲದಲ್ಲಿ ನಮ್ಮಲ್ಲಿ ವಿರಳ.

ಈ ಹೆಸರಿನಲ್ಲಿಯೇ ಒಂದು ಇತಿಹಾಸವು ಅಡಗಿದೆ. ‘ಅಳಗೆ’ ಎಂದರೆ ಮಡಕೆ. ಇದು ಹಳೆಯ ಮಾತು. ‘ಅಡು’ ಎಂಬ ಧಾತುವಿಗೆ ಬೇಯಿಸು, ಪಾಕಮಾಡು ಎಂದರ್ಥ. ‘ಅಡುಗೆ’ ಎಂಬ ಶಬ್ದವು ಹುಟ್ಟಿದ್ದೂ ಅದರಿಂದಲೇ, ‘ಅಟ್ಟುಣ್ಣು’ ಎಂಬ ಪ್ರಯೋಗವು ಬಂದುದೂ ಅದರಿಂದಲೇ. ‘ಅಟ್ಟ’ವೆಂದರೆ ಮೇಲಂತಸ್ತು, ಎತ್ತರಿಸಿ ಕಟ್ಟಿದ ನೆಲೆ. ಆದುದರಿಂದ ‘ಅಟ್ಟಿನಳಗೆ’ಯನ್ನು ಅಡುವ ಮಡಕೆಯೆಂದು ತಿಳಿದರೂ ಸರಿ, ಒಳಗೆ ಅಟ್ಟವುಳ್ಳ ಮಡಕೆಯೆಂದು ತಿಳಿದರೂ ಸರಿ, ವಸ್ತುವಿಗೆ ಎರಡೂ ಒಪ್ಪುತ್ತವೆ.

ಅಟ್ಟಣೆಯ ಪ್ರಯೋಜನವೇನೆಂಬುದನ್ನು ಮೊದಲು ವಿಚಾರಿಸೋಣ. ಬರಿಯ ಒಲೆಯ ಮೇಲಿಟ್ಟ ಪಾತ್ರೆಯ ತಳವು ಎಷ್ಟು ಬೇಕಾದರೂ ಕಾಯಬಹುದು. ಅದರಿಂದಲೇ ಅಡುಗೆ ಸೀಯುವುದು. ಆದರೆ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಎಷ್ಟು ಉರಿಯನ್ನು ಹೆಚ್ಚಿಸಿದರೂ ನೀರಿರುವಷ್ಟು ಕಾಲ ಅದರ ಶಾಖವು ಆ ಮೇರೆಯನ್ನು ಮೀರದು. ಅಟ್ಟಣೆಯ ಮೇಲಿರುವ ಪದಾರ್ಥಕ್ಕೆ ತಗಲುವುದು ಆ ಹಬೆಯ ಶಾಖ ಮಾತ್ರವಾದ್ದರಿಂದ ಅದು ಸೀಯುವ ಭಯವಿಲ್ಲ. ಇನ್ನೊಂದು ಗುಣವೂ ಉಂಟು. ಒಂದು ಗ್ರಾಂ ನೀರನ್ನು ಮಂಜುಗಡ್ಡೆಯಷ್ಟು ತಣ್ಣನೆಯ ಸ್ಥಿತಿಯಿಂದ ಕುದಿಯುವ ಸ್ಥಿತಿಗೆ ತರಲು 100 ಕ್ಯಾಲೊರಿ ಸಾಕು. ಅದನ್ನು ಹಬೆಯಾಗಿ ಮಾಡಲು ಮತ್ತೆ ಸುಮಾರು 540 ಕ್ಯಾಲೊರಿ ಬೇಕು. ಆ ಹಬೆಯು ತಣ್ಣಗಿನ ಹಿಟ್ಟಿಗೆ ತಗಲಿ ಪುನಃ ನೀರಾಗುವಾಗ ತನ್ನೊಳಗಿನ ಗುಪ್ತಶಾಖವನ್ನೆಲ್ಲ ಅಲ್ಲಿಯೇ ಬಿಟ್ಟುಕೊಡುತ್ತದೆ. ಹಬೆಯಲ್ಲಿ ಹಿಟ್ಟು ಬೇಗನೆ ಬೇಯುವುದಕ್ಕೂ, ಬೆಂದರೂ ಒಣಗದಿರುವುದಕ್ಕೂ ಇದೇ ಕಾರಣ. ಎತ್ತರದ ಪ್ರದೇಶಗಳಲ್ಲಿ ಈ ಲೆಕ್ಕವು ತುಸು ವ್ಯತ್ಯಾಸವಾಗುತ್ತದೆ. ನಮ್ಮ ಹಾಗೆಯೇ ಗಡಿಯಾಚೆ ನೆಲೆಸಿರುವ ನೀಲಗಿರಿಯ ಕನ್ನಡಿಗರ ಉದಕಮಂಡಲದಲ್ಲಿ ನೀರು 92–93 ಡಿಗ್ರಿಯಲ್ಲಿಯೇ ಕುದಿಯುವುದರಿಂದ ಅಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಈ ಉಪಾಯದ ಅತಿ ಪ್ರಾಚೀನ ಸಾಕ್ಷ್ಯಗಳು ದೊರೆತಿರುವುದು ಚೀನ ದೇಶದಲ್ಲಿ. ತಳದಲ್ಲಿ ತೂತುಗಳನ್ನು ಕೊರೆದ ಮಣ್ಣಿನ ಪಾತ್ರೆಯನ್ನು ನೀರಿನ ಮಡಕೆಯ ಮೇಲಿಟ್ಟು ಧಾನ್ಯವನ್ನು ಬೇಯಿಸುವ ಪದ್ಧತಿಯು ಅಲ್ಲಿ ನವಶಿಲಾಯುಗದಷ್ಟು ಹಳೆಯದು. ಮುಂದೆ ಶಾಂಗ್ ಅರಸರ ಕಾಲದಲ್ಲಿ ಇದೇ ಪಾತ್ರೆಗಳನ್ನು ಕಂಚಿನಲ್ಲಿ ಎರಕ ಹೊಯ್ದರು. 1976ರಲ್ಲಿ ಆನ್‌ಯಾಂಗ್ ಎಂಬಲ್ಲಿ ಫು ಹಾವೊ ಎಂಬ ರಾಣಿಯ ಸಮಾಧಿಯು ದೊರೆಯಿತು. ಕ್ರಿಸ್ತಪೂರ್ವ 1200ರ ಸುಮಾರಿಗೆ ಸೇರಿದ ಆ ಸಮಾಧಿಯಲ್ಲಿ ಒಂದೇ ಉದ್ದನೆಯ ಕಂಚಿನ ಪೀಠದ ಮೇಲೆ ಮೂರು ಹಬೆಪಾತ್ರೆಗಳನ್ನು ಸಾಲಾಗಿ ಕೂಡಿಸಿದ ಉಪಕರಣವೊಂದು ಸಿಕ್ಕಿದೆ. ಒಂದೇ ಬೆಂಕಿಯಿಂದ ಮೂರು ಪಾಕಗಳು! ಇಂಧನವನ್ನು ಉಳಿಸಬೇಕೆಂಬ ಗೃಹಿಣಿಯ ವಿವೇಕವು ರಾಣೀವಾಸದಲ್ಲಿಯೂ ಇತ್ತೆಂದು ಇದರಿಂದ ತಿಳಿದುಬರುತ್ತದೆ.

ನಮ್ಮ ದೇಶದ ಸಂಗತಿಯೇನು? ಕ್ರಿಸ್ತಶಕ ಏಳನೆಯ ಶತಮಾನದಲ್ಲಿ ಭಾರತವನ್ನು ಸಂಚರಿಸಿದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಇಲ್ಲಿಯವರಲ್ಲಿ ಹಬೆಪಾತ್ರೆಯಿಲ್ಲವೆಂದು ಬರೆದಿಟ್ಟಿದ್ದಾನೆ. ಕೊಳ್ಳೇಗಾಲದಲ್ಲಿ ಹುಟ್ಟಿ ಭಾರತೀಯ ಆಹಾರದ ಚರಿತ್ರೆಯನ್ನು ಬರೆದು ಪ್ರಖ್ಯಾತರಾದ ವಿಜ್ಞಾನಿ ಕೆ. ಟಿ. ಅಚ್ಚಯನವರು ಈ ಮಾತನ್ನು ಎತ್ತಿಕೊಂಡು, ಹಬೆಯಲ್ಲಿ ಬೇಯಿಸುವ ಇಡ್ಲಿಯ ಕ್ರಮವು ಇಂಡೊನೇಷ್ಯದಿಂದ ಬಂದಿರಬಹುದೆಂದು ಊಹಿಸಿದ್ದಾರೆ. ಕನ್ನಡದ ಪ್ರಾಚೀನ ಗದ್ಯಕೃತಿಯಾದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರಿದೆ, ಇದು ಹತ್ತನೆಯ ಶತಮಾನದ ಮಾತು. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನು ಸೇರಿಸುವ ವಿಧಾನವಿದೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ‘ಇಡ್ಡರಿಕಾ’ ಎಂಬ ಹೆಸರು ಬರುತ್ತದೆ. ಮೂವರೂ ಕನ್ನಡ ನಾಡಿನವರೇ. ಇದು ನಮಗೆ ಅಭಿಮಾನದ ವಿಷಯ. ಆದರೆ ಅಚ್ಚಯನವರು ಎತ್ತಿ ತೋರಿಸಿದಂತೆ, ಅಕ್ಕಿಯ ತರಿಯನ್ನು ಬೆರೆಸುವುದು, ಹಿಟ್ಟನ್ನು ಬಹುಕಾಲ ಹುದುಗಿಸುವುದು, ಹಬೆಯಲ್ಲಿ ಬೇಯಿಸುವುದು ಎಂಬ ಮೂರು ಅಂಗಗಳು ಈ ವರ್ಣನೆಗಳಲ್ಲಿ ಸ್ಪಷ್ಟವಾಗಿ ಕಾಣಿಸುವುದಿಲ್ಲ. ತಿಂಡಿಯ ಹೆಸರನ್ನು ನಮ್ಮ ಪೂರ್ವಿಕರು ಬರೆದಿಟ್ಟರು. ಅದನ್ನು ಹೊತ್ತು ನಿಂತ ಅಟ್ಟಣೆಯ ಹೆಸರನ್ನು ಬರೆಯಲಿಲ್ಲ.

ಹಾಗೆಂದು ಈ ನಾಡಿನವರಿಗೆ ಹಬೆಯ ಉಪಯೋಗವೇ ತಿಳಿದಿರಲಿಲ್ಲವೆಂದು ತೀರ್ಮಾನಿಸುವುದು ಯುಕ್ತವಲ್ಲ. ಪ್ರತ್ಯೇಕವಾದ ಪಾತ್ರೆ ಇಲ್ಲದಿರುವುದು ಬೇರೆ, ಕ್ರಮವೇ ಇಲ್ಲದಿರುವುದು ಬೇರೆ. ನೀರು ತುಂಬಿದ ಯಾವ ಮಡಕೆಯ ಬಾಯಿಗಾದರೂ ಒಂದು ಬಟ್ಟೆಯನ್ನು ಬಿಗಿದರೆ ಅದೇ ಅಟ್ಟಣೆಯಾಗುತ್ತದೆ. ಬಟ್ಟೆಯನ್ನು ಬಿಚ್ಚಿದೊಡನೆ ಅದು ಪುನಃ ಬರಿಯ ಮಡಕೆ. ಅಂತಹ ಸಾಧನವು ಪರದೇಶದ ಯಾತ್ರಿಕನ ಕಣ್ಣಿಗೆ ಬೀಳದಿದ್ದರೆ ಆಶ್ಚರ್ಯವಿಲ್ಲ.

ಈ ಕ್ರಮವು ನಮ್ಮ ಶಾಸ್ತ್ರಗ್ರಂಥಗಳಲ್ಲಿಯೂ ನೆಲೆಗೊಂಡಿತೆಂಬುದಕ್ಕೆ ರಸಶಾಸ್ತ್ರವೇ ಪ್ರಮಾಣ. ಹದಿಮೂರನೆಯ ಶತಮಾನದ್ದೆಂದು ಎಣಿಸಲಾಗುವ ‘ರಸರತ್ನಸಮುಚ್ಚಯ’ದಲ್ಲಿ ಎರಡು ಯಂತ್ರಗಳ ವಿವರಣೆಯಿದೆ. ಒಂದು ಸ್ವೇದನೀಯಂತ್ರ: ನೀರುಳ್ಳ ಪಾತ್ರೆಯ ಬಾಯಿಗೆ ವಸ್ತ್ರವನ್ನು ಕಟ್ಟಿ, ಬೇಯಬೇಕಾದ ದ್ರವ್ಯವನ್ನು ಅದರ ಮೇಲಿರಿಸಿ, ಮುಚ್ಚಿ ಪಾಕಮಾಡುವುದು. ಇನ್ನೊಂದು ದೋಲಾಯಂತ್ರ: ಅರ್ಧ ದ್ರವ ತುಂಬಿದ ಪಾತ್ರೆಯ ಬಾಯಿಗೆ ಅಡ್ಡಲಾಗಿ ಒಂದು ಕೋಲನ್ನಿಟ್ಟು, ಅದರಿಂದ ಔಷಧದ ಗಂಟನ್ನು ದಾರದಲ್ಲಿ ತೂಗಬಿಡುವುದು. ದೋಲಾ ಎಂದರೆ ತೊಟ್ಟಿಲು, ಉಯ್ಯಾಲೆ. ದಾರವನ್ನು ಉದ್ದಮಾಡಿದರೆ ಗಂಟು ದ್ರವದಲ್ಲಿ ಮುಳುಗುತ್ತದೆ. ಗಿಡ್ಡಮಾಡಿದರೆ ಮೇಲೆ ಹಬೆಯಲ್ಲಿ ನಿಲ್ಲುತ್ತದೆ. ಪದಾರ್ಥಕ್ಕೆ ತಕ್ಕಂತೆ ಎತ್ತರವನ್ನು ಹೊಂದಿಸಿಕೊಳ್ಳುವ ಅಟ್ಟಣೆಗೆ ಇದಕ್ಕಿಂತ ಸರಳವಾದ ಉದಾಹರಣೆಯು ಬೇಕಿಲ್ಲ.

ಪಶ್ಚಿಮ ದೇಶಗಳಲ್ಲಿಯೂ ಈ ವಿದ್ಯೆಯು ರಸವಾದಿಗಳ ಕೈಯಿಂದಲೇ ಬೆಳೆಯಿತೆಂಬುದು ಗಮನಾರ್ಹ. ಈಜಿಪ್ಟಿನ ರಸವಾದಿಯಾಗಿದ್ದ ಮರಿಯಾ ಎಂಬ ಯೆಹೂದ್ಯ ವಿದುಷಿಯ ಹೆಸರು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಕಾಯಿಸುವ ಕ್ರಮಕ್ಕೆ ಅಂಟಿಕೊಂಡು, ಫ್ರೆಂಚರ ಅಡುಗೆಯಲ್ಲಿ ಇಂದಿಗೂ ‘ಬೆಯ್ನ್ ಮರಿ’ ಎಂದು, ಅಂದರೆ ಮರಿಯಾಳ ಸ್ನಾನವೆಂದು, ಬಳಕೆಯಲ್ಲಿದೆ. 1679ರಲ್ಲಿ ಡೆನಿ ಪಪೇನ್ ಎಂಬ ಫ್ರೆಂಚ್ ವಿಜ್ಞಾನಿಯು ಲಂಡನ್ನಿನಲ್ಲಿ ಬಿಗಿಯಾದ ಮುಚ್ಚಳವುಳ್ಳ ಪಾತ್ರೆಯೊಂದನ್ನು ನಿರ್ಮಿಸಿದನು. ಹಬೆಯನ್ನು ಒಳಗೇ ತಡೆದರೆ ನೀರು 100 ಡಿಗ್ರಿಯನ್ನು ಮೀರಿ ಕಾಯುವುದೆಂದು ತೋರಿಸಿ, ಪಾತ್ರೆಯು ಸಿಡಿಯದಂತೆ ಒಂದು ರಕ್ಷಣಾ ಕವಾಟವನ್ನೂ ಅವನು ಜೋಡಿಸಿದನು. 1682ರ ಏಪ್ರಿಲಿನಲ್ಲಿ ಅದರಲ್ಲಿ ಬೆಂದ ಮಾಂಸವನ್ನು ವಿದ್ವಾಂಸರು ಕುಳಿತು ಉಂಡ ವೃತ್ತಾಂತವನ್ನು ಜಾನ್ ಎವೆಲಿನ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಎಲುಬುಗಳೂ ಮೆತ್ತಗೆ ಬೆಂದಿದ್ದುವಂತೆ!

ಊಟದ ಪಾತ್ರೆಯಿಂದ ಹೊರಟ ಅಟ್ಟಣೆಯು ಆರೋಗ್ಯರಕ್ಷಣೆಗೂ ಸಂದಿತು. ಫ್ರಾನ್ಸಿನ ನಿಕೊಲಾ ಅಪ್ಪೇರ್ ಎಂಬವನು ಆಹಾರವನ್ನು ಸೀಸೆಗಳಲ್ಲಿ ತುಂಬಿ, ಬಿಗಿದು, ಕುದಿನೀರಿನಲ್ಲಿರಿಸಿ ಬಹುಕಾಲ ಕೆಡದಂತೆ ಕಾಪಾಡುವ ಕ್ರಮವನ್ನು ಕಂಡುಹಿಡಿದು 1810ರಲ್ಲಿ ಪ್ರಕಟಿಸಿದನು. ಸರಕಾರವು ಅವನಿಗೆ 12,000 ಫ್ರಾಂಕುಗಳ ಬಹುಮಾನವನ್ನಿತ್ತಿತು. ಗಾಜಿನ ಸೀಸೆಯು ಕಾದ ತಳಕ್ಕೆ ನೇರವಾಗಿ ತಗಲಿದರೆ ಒಡೆಯುತ್ತದೆ. ಆದುದರಿಂದ ಉಪ್ಪಿನಕಾಯಿ, ಹಣ್ಣಿನ ಪಾಕಗಳ ಸೀಸೆಗಳನ್ನು ಕುದಿಸುವವರು ಪಾತ್ರೆಯ ತಳದಲ್ಲಿ ಒಂದು ತಂತಿಯ ಚೌಕಟ್ಟನ್ನು ಇರಿಸುವುದು ವಾಡಿಕೆಯಾಯಿತು. 1879ರಲ್ಲಿ ಪಾಶ್ಚರನ ಸಹೋದ್ಯೋಗಿಯಾದ ಶಾರ್ಲ್ ಶಾಂಬೆರ್ಲಾನ್ ಎಂಬವನು ಪಪೇನನ ಪಾತ್ರೆಯ ತತ್ತ್ವದಿಂದಲೇ ಶಸ್ತ್ರಗಳನ್ನು ಕ್ರಿಮಿರಹಿತವಾಗಿ ಮಾಡುವ ಯಂತ್ರವನ್ನು ರಚಿಸಿದನು. ಇಂದು ಆಸ್ಪತ್ರೆಗಳಲ್ಲಿ ಶಸ್ತ್ರವೈದ್ಯರ ಕತ್ತರಿ, ಚಾಕುಗಳು ಹಬೆಯಲ್ಲಿ ಶುದ್ಧಿಯಾಗುವುದು ಅಂತಹ ಯಂತ್ರದೊಳಗಣ ಅಟ್ಟಣೆಗಳ ಮೇಲೆಯೇ.

ಭಾರತದಲ್ಲಿ ಈ ವಿದ್ಯೆಗೆ ಹೊಸ ರೂಪವನ್ನು ಕೊಟ್ಟ ಕೀರ್ತಿಯು ವಂಗದೇಶದ ಇಂದುಮಾಧವ ಮಲ್ಲಿಕರಿಗೆ ಸಲ್ಲುತ್ತದೆ. 1869ರಲ್ಲಿ ಜನಿಸಿದ ಇವರು ವೈದ್ಯರೂ ಹೌದು, ನ್ಯಾಯಶಾಸ್ತ್ರವನ್ನು ಓದಿದವರೂ ಹೌದು. ಪುರಿಯ ಜಗನ್ನಾಥ ದೇವಾಲಯದ ಪಾಕಶಾಲೆಯಲ್ಲಿ ಮಣ್ಣಿನ ಗಡಿಗೆಗಳನ್ನು ಒಂದರ ಮೇಲೊಂದಾಗಿ ಪೇರಿಸಿ ಒಂದೇ ಒಲೆಯಿಂದ ನೈವೇದ್ಯವನ್ನು ಬೇಯಿಸುವ ಕ್ರಮವೇ ಇವರಿಗೆ ಪ್ರೇರಣೆಯಾಯಿತೆಂದು ಹೇಳುತ್ತಾರೆ. 1910ರಲ್ಲಿ ಇವರು ‘ಇಕ್ಮಿಕ್ ಕುಕ್ಕರ್’ ಎಂಬ ಸಾಧನವನ್ನು ನಿರ್ಮಿಸಿದರು. ಆರೋಗ್ಯಕರ, ಮಿತವ್ಯಯ ಎಂಬರ್ಥದ ಎರಡು ಇಂಗ್ಲಿಷ್ ಶಬ್ದಗಳ ಬಾಲಗಳನ್ನು ಕೂಡಿಸಿ ಮಾಡಿದ ಹೆಸರದು. ಹೊರಗೆ ಒಂದು ಉದ್ದನೆಯ ಕೊಳವೆಯಾಕಾರದ ಪಾತ್ರೆ. ಒಳಗೆ ಬುತ್ತಿಯ ಕ್ಯಾರಿಯರಿನಂತೆ ಒಂದು ಚೌಕಟ್ಟಿನಲ್ಲಿ ಪೇರಿಸಿದ ಡಬ್ಬಿಗಳು. ಒಂದರಲ್ಲಿ ಅಕ್ಕಿ, ಒಂದರಲ್ಲಿ ಬೇಳೆ, ಒಂದರಲ್ಲಿ ತರಕಾರಿ. ತಳದಲ್ಲಿ ಇದ್ದಲಿನ ಕೆಂಡ. ಕೆಂಡವಿಟ್ಟು ಮುಚ್ಚಿ ಕೆಲಸಕ್ಕೆ ಹೋದವನು ಮರಳಿ ಬರುವಷ್ಟರಲ್ಲಿ ಊಟವು ಸಿದ್ಧ. ಬಿಡಾರದಲ್ಲಿದ್ದ ವಿದ್ಯಾರ್ಥಿಗಳಿಗೂ ಉದ್ಯೋಗಸ್ಥರಿಗೂ ಇದು ದೊಡ್ಡ ಆಸರೆಯಾಯಿತು. ಮಲ್ಲಿಕರು 1917ರಲ್ಲಿ ತೀರಿಕೊಂಡರು. ಇದೇ ಬಗೆಯ ಹಿತ್ತಾಳೆಯ ಸಾಧನವು ದಕ್ಷಿಣದ ಮನೆಗಳಲ್ಲಿ ‘ರುಕ್ಮಿಣಿ ಕುಕ್ಕರ್’ ಎಂದು ಪ್ರಸಿದ್ಧವಾಗಿತ್ತು. 1959ರಲ್ಲಿ ಹಾಕಿನ್ಸ್, ಪ್ರೆಸ್ಟೀಜ್ ಎಂಬ ಹೆಸರುಗಳ ಒತ್ತಡದ ಕುಕ್ಕರುಗಳು ನಮ್ಮ ದೇಶದಲ್ಲಿ ತಯಾರಾಗತೊಡಗಿದ ಮೇಲೆ ಇವೆಲ್ಲ ಹಿಂದೆ ಸರಿದುವು. ಸುಮಾರು 120 ಡಿಗ್ರಿಯವರೆಗೆ ಕಾಯುವ ಆ ಪಾತ್ರೆಯೊಳಗೂ ತಳದ ತೂತಿನ ತಟ್ಟೆಯಾಗಿ ಹಳೆಯ ಅಟ್ಟಣೆಯೇ ಕುಳಿತಿದೆ.

ಈಗ ನಮ್ಮ ಮನೆಗಳಿಗೆ ಮರಳೋಣ. ಹೊಂದಿಸಿಕೊಳ್ಳುವ ಅಟ್ಟಣೆಯ ವಿದ್ಯೆಯನ್ನು ನಮ್ಮ ಅಜ್ಜಿಯರು ಯಾವ ವಿಜ್ಞಾನಿಗೂ ಕಡಮೆಯಿಲ್ಲದಂತೆ ಬಲ್ಲವರಾಗಿದ್ದರು. ಲೋಹದ ತಟ್ಟೆಯಿಲ್ಲದಿದ್ದರೆ ಮಡಕೆಯೊಳಗೆ ಬಿದಿರಿನ ಸೀಳುಗಳನ್ನು ಅಡ್ಡಲಾಗಿ ಸಿಕ್ಕಿಸಿ ಮೇಲೆ ಬೈಹುಲ್ಲನ್ನು ಹಾಸುತ್ತಿದ್ದರು. ಹುಲ್ಲನ್ನು ಹೆಚ್ಚಿಸಿದರೆ ಅಟ್ಟವು ಮೇಲೇರುವುದು, ತಗ್ಗಿಸಿದರೆ ಇಳಿಯುವುದು. ನಿಲ್ಲಿಸಿ ಬೇಯಿಸಬೇಕಾದ ಮೂಡೆಗೆ ತಗ್ಗಾದ ಅಟ್ಟ. ಅಡ್ಡಲಾಗಿ ಇಡುವ ಪತ್ರೊಡೆಗೆ ಎತ್ತರದ ಅಟ್ಟ. ಪುಟ್ಟಿನ ಬಿದಿರಕೊಳವೆಯ ತಳದಲ್ಲಿಡುವ ತೂತಿನ ಬಿಲ್ಲೆಯೂ ಈ ಕುಲದ್ದೇ. ಇಡ್ಲಿಯ ತಟ್ಟೆಗಳನ್ನು ನಡುಗಂಬಕ್ಕೆ ಏರಿಸುವಾಗ ಒಂದರ ಗುಳಿಯು ಇನ್ನೊಂದರ ಇಡ್ಲಿಯನ್ನು ಒತ್ತದಂತೆ ತುಸು ತಿರುಗಿಸಿಡುವ ಜಾಣತನವನ್ನು ಯಾವ ಪಾಠಪುಸ್ತಕವೂ ಕಲಿಸಲಿಲ್ಲ. ಎಲ್ಲಕ್ಕಿಂತ ಹೆಚ್ಚಿನದು ನೀರಿನೊಳಗೆ ಹಾಕುವ ಒಂದು ಕರಟದ ಚೂರು ಅಥವಾ ನಾಣ್ಯ. ನೀರು ಕುದಿಯುವಷ್ಟು ಕಾಲ ಅದು ಟಕಟಕನೆ ಸದ್ದುಮಾಡುತ್ತದೆ. ಸದ್ದು ನಿಂತರೆ ನೀರು ಬತ್ತಿತೆಂದು ಮುಚ್ಚಳ ತೆರೆಯದೆಯೇ ತಿಳಿಯುತ್ತದೆ. ಕೈ ಕೆಲಸದಲ್ಲಿ, ಕಿವಿ ಒಲೆಯಲ್ಲಿ!

ವಾಚಕರೇ, ಇಂತಹ ವಿವರಗಳನ್ನು ನಮ್ಮ ಸಂಘದ ಸ್ಮರಣಸಂಚಿಕೆಯಲ್ಲಿ ಬರೆಯುವುದೇಕೆ ಎಂದು ಕೆಲವರು ಕೇಳಬಹುದು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದಂದಿನಿಂದ ಶಾಲೆ, ಕಚೇರಿ, ನಾಮಫಲಕಗಳಲ್ಲಿ ಕನ್ನಡದ ಸ್ಥಾನಕ್ಕಾಗಿ ನಾವು ಮಾತನಾಡುತ್ತ ಬಂದಿದ್ದೇವೆ, ಅದು ಅವಶ್ಯಕವೇ. ಆದರೆ ಭಾಷೆಯು ಕಚೇರಿಯ ಕಾಗದದಲ್ಲಿ ಬದುಕುವುದಕ್ಕಿಂತ ಮೊದಲು ಅಡುಗೆಮನೆಯಲ್ಲಿ ಬದುಕುತ್ತದೆ. ತರಗತಿಯಲ್ಲಿ ‘ಅಳಗೆ’ಯೆಂದರೇನೆಂದು ಕೇಳಿದರೆ ಉತ್ತರಿಸುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಹೊಸ ಸ್ಟೀಲ್ ಪಾತ್ರೆಗೆ ಅಂಗಡಿಯವನು ಹೇಳಿದ್ದೇ ಹೆಸರು. ವಸ್ತು ಬದಲಾಗುವುದು ಕಾಲಧರ್ಮ; ತಾಮ್ರ ಹೋಗಿ ಸ್ಟೀಲ್ ಬಂದುದಕ್ಕೆ ದುಃಖಿಸಬೇಕಾಗಿಲ್ಲ. ವಸ್ತುವಿನ ಕೆಲಸವು ಹಾಗೆಯೇ ಉಳಿದಿರುವಾಗ ಅದರ ಹೆಸರು ಮಾತ್ರ ಅಳಿದುಹೋಗುವುದು ನಷ್ಟವಲ್ಲವೇ? ಒಂದೇ ಪಾತ್ರೆಗೆ ಮೂರು ಭಾಷೆಗಳ ಮೂರು ಹೆಸರುಗಳು ಒಂದೇ ಓಣಿಯಲ್ಲಿ ಬಾಳಿದ ನೆಲ ನಮ್ಮದು. ಆ ಮೂರರಲ್ಲಿ ಒಂದು ಹೆಸರು ಮರೆಯಾದರೆ ಉಳಿದೆರಡರ ನೆರೆಯೂ ಬಡವಾಗುತ್ತದೆ.

ಆದುದರಿಂದ ಕನ್ನಡ ಮಾಧ್ಯಮದ ಮಕ್ಕಳ ತಾಯಿತಂದೆಗಳಲ್ಲಿ ನನ್ನದೊಂದು ವಿಜ್ಞಾಪನೆ. ಮನೆಯ ಅಟ್ಟದ ಮೇಲೆ ಬಳಕೆಯಿಲ್ಲದೆ ಬಿದ್ದಿರುವ ಪಾತ್ರೆಗಳನ್ನು ಒಂದು ರಜಾದಿನ ಕೆಳಗಿಳಿಸಿರಿ. ಹಿರಿಯರನ್ನು ಕೂರಿಸಿಕೊಂಡು ಪ್ರತಿಯೊಂದರ ಹೆಸರು, ಅಳತೆ, ಬಳಕೆಗಳನ್ನು ಮಕ್ಕಳ ಕೈಯಿಂದ ಒಂದು ಪುಸ್ತಕದಲ್ಲಿ ಬರೆಯಿಸಿರಿ. ಚಾವುಂಡರಾಯನೂ ಸೋಮೇಶ್ವರನೂ ಬರೆಯದೆ ಬಿಟ್ಟುದನ್ನು ನಮ್ಮ ಮಕ್ಕಳು ಬರೆದಿಡಲಿ. ಮುಂದೆ ಯಾವನಾದರೂ ಯಾತ್ರಿಕನು ಬಂದು, ಇವರಲ್ಲಿ ಈ ಪಾತ್ರೆ ಇರಲಿಲ್ಲವೆಂದು ಬರೆದರೆ, ತೋರಿಸಲು ನಮ್ಮಲ್ಲೊಂದು ಲಿಖಿತ ಪ್ರಮಾಣವಾದರೂ ಇರಲಿ.