ಖಡಕಿಯಿಂದ ಧಾರವಾಡಕ್ಕೆ: ಒಂದು ಅರ್ಜಿಯ ಹಿಂದುಮುಂದು

ಪುಣೆಯಿಂದ ಮುಂಬಯಿಗೆ ಹೊರಟ ರೈಲು ಶಿವಾಜಿನಗರವನ್ನು ದಾಟಿದ ಬಳಿಕ ಸಿಗುವ ಸಣ್ಣ ನಿಲ್ದಾಣ ಖಡಕಿ. ದಂಡು ಪ್ರದೇಶ, 1869ರಷ್ಟು ಹಿಂದೆ ಆರಂಭವಾದ ಮದ್ದುಗುಂಡಿನ ಕಾರ್ಖಾನೆ, ಸೈನ್ಯದ ವಸತಿಗಳು, ಒಂದು ಗಿಜಿಗುಡುವ ಬಜಾರು: ಊರಿನ ಗುರುತುಗಳು ಇವಿಷ್ಟೇ. ಶಾಲಾ ಶಿಕ್ಷಣದ ಚರಿತ್ರೆಯನ್ನು ಹೇಳಹೊರಟವರು ಇಲ್ಲಿಂದ ಆರಂಭಿಸುವ ವಾಡಿಕೆಯಿಲ್ಲ. ಆದರೂ ಸಾರ್ವಜನಿಕ ಶಾಲೆಗಳಲ್ಲಿ ಕೆಲವು ಸಮುದಾಯಗಳ ಮಕ್ಕಳು ಮುಂದೆ ಹೋಗಿ ಕೆಲವರ ಮಕ್ಕಳು ಹಿಂದುಳಿದುದೇಕೆ ಎಂಬ ಪ್ರಶ್ನೆಯನ್ನು ಹಳೆಯ ಮುಂಬಯಿ ಪ್ರಾಂತದ ಮಟ್ಟಿಗೆ, ಅದರಲ್ಲಿಯೂ ಧಾರವಾಡ, ಬೆಳಗಾವಿ, ವಿಜಾಪುರಗಳ ಮಟ್ಟಿಗೆ ಕೇಳುವುದಾದರೆ ಖಡಕಿಯಿಂದಲೇ ಹೊರಡಬೇಕೆಂದು ನಮಗೆ ತೋರುತ್ತದೆ.

1817ರ ನವೆಂಬರ್ 5ರಂದು ಈ ಬಯಲಿನಲ್ಲಿ ಎರಡನೆಯ ಬಾಜಿರಾಯನ ಸೇನೆಗೂ ಈಸ್ಟ್ ಇಂಡಿಯಾ ಕಂಪನಿಯ ಪಡೆಗೂ ಕಾದಾಟವಾಯಿತು. ಪೇಶ್ವೆಯ ಕಡೆ ಬಾಪು ಗೋಖಲೆ. ಕಂಪನಿಯ ಕಡೆ ರೆಸಿಡೆಂಟನಾಗಿದ್ದವನು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. ಸಂಖ್ಯೆಯಲ್ಲಿ ಬಹಳ ಸಣ್ಣದಾಗಿದ್ದ ಕಂಪನಿಯ ಪಡೆ ಅಂದು ಗೆದ್ದಿತು. ಮುಂದಿನ ಜೂನ್ ತಿಂಗಳಿಗೆ ಪೇಶ್ವೆ ಶರಣಾದನು. ಇದು ಪಾಠಪುಸ್ತಕದ ಕಥೆ. ನಮಗೆ ಬೇಕಾದುದು ಅದರ ಮುಂದಿನ ಅಧ್ಯಾಯ: ಗೆದ್ದವರು ಪೇಶ್ವೆಯ ಖಜಾನೆಯ ವಿದ್ಯಾದಾನವನ್ನು ಏನು ಮಾಡಿದರು?

ಪೇಶ್ವೆಯರು ವರ್ಷವರ್ಷವೂ ಶ್ರಾವಣದಲ್ಲಿ ಬ್ರಾಹ್ಮಣ ಪಂಡಿತರಿಗೆ ದಕ್ಷಿಣೆ ಹಂಚುತ್ತಿದ್ದರು. ಹೊಸ ಪ್ರಭುಗಳು ಅದನ್ನು ನಿಲ್ಲಿಸಲಿಲ್ಲ. ಅಸಮಾಧಾನವನ್ನು ಎದುರು ಹಾಕಿಕೊಳ್ಳುವ ಧೈರ್ಯ ಆಗಿನ್ನೂ ಅವರಿಗಿರಲಿಲ್ಲ. ಆ ಹಣದ ಒಂದು ಭಾಗದಿಂದಲೇ 1821ರ ಅಕ್ಟೋಬರ್‌ನಲ್ಲಿ ಪುಣೆಯ ವಿಶ್ರಾಮಬಾಗ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆ ತೆರೆಯಿತು. ತೆರೆದವನು ದಖ್ಖನಿನ ಕಮಿಷನರ್ ಚಾಪ್ಲಿನ್. ಕಿತ್ತೂರಿನ ಇತಿಹಾಸ ಓದಿದವರಿಗೆ ಈ ಹೆಸರು ಹೊಸದಲ್ಲ. 1824ರ ಡಿಸೆಂಬರ್‌ನಲ್ಲಿ ಆ ಕೋಟೆಯ ಮುಂದೆ ನಿಂತವನೂ ಇವನೇ. ಪಾಠಶಾಲೆಯ ಬಾಗಿಲು ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಮಾತ್ರ ತೆರೆದಿತ್ತು. ಮುಂದೆ ಅದೇ ಪೂನಾ ಕಾಲೇಜಾಗಿ, ಡೆಕ್ಕನ್ ಕಾಲೇಜಾಗಿ ಬೆಳೆಯಿತು. ಭೂಕಂದಾಯ ಕೊಡುವವನು ಕುಣಬಿ, ಓದುವವನು ಶಾಸ್ತ್ರಿಯ ಮಗ ಎಂಬ ವ್ಯವಸ್ಥೆಗೆ ಹೊಸ ಸರಕಾರದ ಮೊಹರು ಬಿದ್ದುದು ಹೀಗೆ.

ಎಲ್ಫಿನ್‌ಸ್ಟನ್ ದಡ್ಡನಲ್ಲ. ಗವರ್ನರನಾದ ಮೇಲೆ ಶಿಕ್ಷಣದ ಬಗೆಗೆ ಬರೆದ ಟಿಪ್ಪಣಿಯಲ್ಲಿ, ಅತ್ಯಂತ ಕೆಳಗಿನ ಜಾತಿಗಳ ಮಕ್ಕಳೇ ಒಳ್ಳೆಯ ವಿದ್ಯಾರ್ಥಿಗಳೆಂಬ ಮಿಷನರಿಗಳ ಅನುಭವವನ್ನು ಅವನೇ ದಾಖಲಿಸಿದ್ದಾನೆ. ದಾಖಲಿಸಿ, ಅದೇ ಕಾರಣಕ್ಕೆ ಎಚ್ಚರಿಕೆಯನ್ನೂ ಹೇಳುತ್ತಾನೆ: ಜನ ತಿರಸ್ಕರಿಸುವ ಜಾತಿಗಳಲ್ಲಿ ಹೊಸ ವಿದ್ಯೆ ಮೊದಲು ಬೇರೂರಿದರೆ ಅದು ಮೇಲಕ್ಕೆ ಹಬ್ಬದು. ಹಿಂದುಳಿಯುವಿಕೆಗೆ ಬುದ್ಧಿಯ ಕೊರತೆ ಕಾರಣವಲ್ಲವೆಂದು ತಿಳಿದಿದ್ದೂ ಅವರನ್ನು ಹಿಂದೆ ಇರಿಸಿದ ನೀತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನಮಗೆ ಬೇಡ.

ಈ ನೀತಿ ಕನ್ನಡ ನೆಲದಲ್ಲಿ ಪರೀಕ್ಷೆಗೆ ಒಳಗಾದುದು 1856ರಲ್ಲಿ. ಆ ವರ್ಷದ ಜೂನ್‌ನಲ್ಲಿ ಧಾರವಾಡದ ಸರಕಾರಿ ಶಾಲೆ ಸೇರಿಸಿಕೊಳ್ಳಲು ನಿರಾಕರಿಸಿದ ಮಹಾರ ಹುಡುಗನೊಬ್ಬ ಮುಂಬಯಿ ಸರಕಾರಕ್ಕೆ ಅರ್ಜಿ ಹಾಕಿದ. ಜುಲೈ 21ರ ನಿರ್ಣಯದಲ್ಲಿ ಸರಕಾರ, ತಾತ್ವಿಕವಾಗಿ ನ್ಯಾಯ ಹುಡುಗನ ಕಡೆಗಿದೆ ಎಂದು ಒಪ್ಪಿತು, ಒಪ್ಪಿ ಕೈಚೆಲ್ಲಿತು. ಅವನೊಬ್ಬನನ್ನು ಒಳಗೆ ಕೂರಿಸಿದರೆ ಉಳಿದ ಮಕ್ಕಳು ಶಾಲೆ ಬಿಟ್ಟು ಹೋದಾರು, ಶಾಲೆ ಬಹುಜನರಿಗೆ ನಿರುಪಯೋಗವಾದೀತು. ಅಲ್ಲದೆ ಇಂಥ ಶಾಲೆಗೆ ಪ್ರವೇಶ ಕೇಳಿ ಬಂದ ಮಹಾರನು ಇದುವರೆಗೆ ಇವನೊಬ್ಬನೇ. ಬಾಗಿಲು ಮುಚ್ಚಿಟ್ಟು, ತಟ್ಟಿದವನು ಒಬ್ಬನೇ ಎಂದು ಎಣಿಸುವ ಲೆಕ್ಕ ಇದು. ಬೇಡಿಕೆಯೇ ಇಲ್ಲ ಎಂಬ ಈ ವಾದವನ್ನು ಬೇರೆ ಬೇರೆ ವೇಷಗಳಲ್ಲಿ ನಾವು ಇಂದಿಗೂ ಕೇಳುತ್ತಿರುತ್ತೇವೆ.

ಕಲ್ಕತ್ತೆಯ ಸರಕಾರಕ್ಕೆ ಈ ನಿರ್ಣಯ ಹಿಡಿಸಲಿಲ್ಲ. ಬಂಗಾಳದ ಯಾವ ಸರಕಾರಿ ಶಾಲೆಯಲ್ಲಿಯೂ ಆ ಹುಡುಗನಿಗೆ ಹೀಗಾಗುತ್ತಿರಲಿಲ್ಲವೆಂದು ಅದು ಬರೆಯಿತು. 1858ರ ಏಪ್ರಿಲ್‌ನಲ್ಲಿ ಲಂಡನ್ನಿನ ನಿರ್ದೇಶಕ ಮಂಡಳಿಯೂ, ಸರಕಾರಿ ವಿದ್ಯಾಸಂಸ್ಥೆಗಳು ಎಲ್ಲ ವರ್ಗಗಳಿಗೂ ತೆರೆದಿರತಕ್ಕವು ಎಂದು ತೀರ್ಪು ಕೊಟ್ಟಿತು. ಕಾಗದದ ಮೇಲೆ ಹುಡುಗ ಗೆದ್ದ. ಆದರೆ ಪೂರ್ತಿ ಸರಕಾರದ ಖರ್ಚಿನಲ್ಲಿಯೇ ನಡೆಯುವ ಶಾಲೆಗಳಿಗೆ ಈ ತತ್ವ ಅನ್ವಯವೆಂಬ ಸೂತ್ರ ಮುಂಬಯಿಯಲ್ಲಿ ನೆಲೆಯಾಯಿತು. ಊರವರ ವಂತಿಗೆ ಒಂದಿಷ್ಟು ಸೇರಿದ್ದರೂ ಸಾಕು, ನುಣುಚಿಕೊಳ್ಳಲು ದಾರಿ ಸಿಕ್ಕಿತು.

ಸರಕಾರ ಹೀಗೆ ಮೀನಮೇಷ ಎಣಿಸುತ್ತಿದ್ದ ಕಾಲದಲ್ಲಿಯೇ, ಖಡಕಿಯಿಂದ ಕೆಲವೇ ಮೈಲಿ ದೂರದ ಪುಣೆಯ ಪೇಟೆಗಳಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಬೇರೊಂದು ಪ್ರಯೋಗ ನಡೆಸಿದ್ದರು. 1848ರಲ್ಲಿ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ. ಕೆಲವು ವರ್ಷಗಳಲ್ಲಿ ಮಹಾರ, ಮಾಂಗ ಮಕ್ಕಳಿಗೂ ಶಾಲೆಗಳು. ಅಲ್ಲಿ ಕಲಿತ ಮುಕ್ತಾ ಸಾಳ್ವೆ ಎಂಬ ಮಾಂಗ ಬಾಲಕಿ ತನ್ನ ಜನರ ದುಃಖವನ್ನು ಕುರಿತು ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಧಾರವಾಡದ ಅರ್ಜಿಗೆ ಒಂದು ವರ್ಷ ಮೊದಲು! ಧರ್ಮವನ್ನೂ ಆಳುವವರನ್ನೂ ನೇರವಾಗಿ ಪ್ರಶ್ನಿಸುವ ಬರಹ ಅದು. ಮುಂಬಯಿಯ ಅಧಿಕಾರಿಗಳು ಅರ್ಜಿಯನ್ನು ಎದುರಿಗಿಟ್ಟುಕೊಂಡು ಕುಳಿತಾಗ ಅದೇ ಪ್ರಾಂತದಲ್ಲಿ ಇಂಥ ಮಕ್ಕಳ ಕಲಿಕೆಯ ಫಲ ಅಚ್ಚಿನಲ್ಲಿಯೇ ಇತ್ತು.

ಇನ್ನೊಂದು ನಿದರ್ಶನ ದಂಡಿನ ಒಳಗೆಯೇ ಇತ್ತು. ಕಂಪನಿಯ ಸೈನ್ಯದಲ್ಲಿ ಸಿಪಾಯಿಗಳಿಗೂ ಅವರ ಗಂಡು ಹೆಣ್ಣು ಮಕ್ಕಳಿಗೂ ಶಿಕ್ಷಣ ಕಡ್ಡಾಯವಾಗಿತ್ತೆಂದು ಅಂಬೇಡ್ಕರ್ ಬರೆದಿದ್ದಾರೆ. ಅವರ ತಂದೆ ರಾಮಜಿ ಸಕಪಾಳ ಸುಬೇದಾರರಷ್ಟೇ ಅಲ್ಲ, ಸೈನ್ಯದ ಶಾಲೆಯಲ್ಲಿ ಹದಿನಾಲ್ಕು ವರ್ಷ ಮುಖ್ಯೋಪಾಧ್ಯಾಯರು. ಊರ ಶಾಲೆಯ ಜಗಲಿಯನ್ನೂ ಹತ್ತಗೊಡದ ಜಾತಿಯಿಂದ ಶಾಲೆಯ ಮುಖ್ಯಸ್ಥರೇ ಹೊರಬಂದರು. ಅದಕ್ಕೆ ಬೇಕಾದುದು ಬಾಗಿಲು, ಹಾಜರಿ, ಸಂಬಳದ ಶಿಕ್ಷಕ, ಇಷ್ಟೇ. ಖಡಕಿಯಂಥ ದಂಡುಗಳ ಸೀಮೆಗೆರೆಯ ಒಳಗೆ ಸಾಧ್ಯವಾದುದು ಹೊರಗೆ ಅಸಾಧ್ಯವೆನಿಸಿತ್ತು. ಆದರೆ ಆ ಕಿಂಡಿಯೂ ಬಹಳ ಕಾಲ ತೆರೆದಿರಲಿಲ್ಲ. 1890ರ ದಶಕದ ಆರಂಭದಲ್ಲಿ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದು ನಿಂತುಹೋಯಿತು. ರಾಮಜಿಯವರ ಮಗ ಭೀಮರಾವ್ ಸಾತಾರೆಯ ಶಾಲೆಗೆ ಹೋಗುವಾಗ ಕೂರಲು ಗೋಣಿತಟ್ಟನ್ನು ಮನೆಯಿಂದ ಒಯ್ಯಬೇಕಾಗಿತ್ತು. ನೀರು ಹೊಯ್ಯಲು ಶಾಲೆಯ ಜವಾನ ಇಲ್ಲದ ದಿನ ಬಾಯಾರಿಕೆಯಲ್ಲಿಯೇ ಇರಬೇಕಾಗಿತ್ತು. ಅದೇ ತರಗತಿ, ಅದೇ ಪಾಠ. ಕಲಿಕೆಯ ಸ್ಥಿತಿ ಮಾತ್ರ ಬೇರೆ.

1882ರಲ್ಲಿ ಹಂಟರ್ ಆಯೋಗ ಬಂದಾಗ ಮೊದಲ ಸಲ ಲೆಕ್ಕ ಸ್ಪಷ್ಟವಾಗಿ ಹೊರಬಿತ್ತು. ಇಡೀ ಮುಂಬಯಿ ಪ್ರಾಂತದ ಪ್ರಾಥಮಿಕ ಶಾಲೆಗಳಲ್ಲಿ ಅಸ್ಪೃಶ್ಯ ಜಾತಿಗಳ ಮಕ್ಕಳು 2,862. ಮಾಧ್ಯಮಿಕ ಶಾಲೆಗಳಲ್ಲಿ 17. ಕಾಲೇಜಿನಲ್ಲಿ ಒಬ್ಬರೂ ಇಲ್ಲ. ಅದೇ ವರ್ಷದ ಅಕ್ಟೋಬರ್ 19ರಂದು ಪುಣೆಯಿಂದ ಬರೆದ ನಿವೇದನೆಯಲ್ಲಿ ಫುಲೆಯವರು ಕಾರಣವನ್ನು ಜಮಾಖರ್ಚಿನಲ್ಲಿಯೇ ತೋರಿಸಿದರು: ಬೊಕ್ಕಸ ತುಂಬುವುದು ರೈತನ ಬೆವರಿನಿಂದ, ವೆಚ್ಚವಾಗುವುದು ಮೇಲ್ವರ್ಗದ ಉನ್ನತ ಶಿಕ್ಷಣಕ್ಕೆ. ಕನಿಷ್ಠ ಹನ್ನೆರಡನೆಯ ವಯಸ್ಸಿನವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ ಎಂದು ಅವರು ಕೇಳಿದರು. ಕಾಲೇಜು ಬಲಿತರೆ ವಿದ್ಯೆ ತಾನಾಗಿ ಕೆಳಗಿಳಿದೀತೆಂಬ ಅಧಿಕಾರಿಗಳ ನಂಬಿಕೆ ಅವರಿಗೆ ಹಾಸ್ಯಾಸ್ಪದವಾಗಿ ಕಂಡಿತ್ತು.

ಸರಕಾರ ಬಿಟ್ಟ ಜಾಗದಲ್ಲಿ ಖಾಸಗಿ ಪ್ರಯತ್ನಗಳು ಹುಟ್ಟಿದವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರದ ಸಂಸ್ಥೆ ಕಟ್ಟಿದರು. ಜಮಖಂಡಿಯಲ್ಲಿ ಹುಟ್ಟಿ ಬೆಳೆದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿ, ಅನಂತರ ಪುಣೆಯನ್ನು ಕೆಲಸದ ನೆಲೆಯಾಗಿಸಿಕೊಂಡರು. ಶಿಂದೆಯವರನ್ನು ಕನ್ನಡಿಗರು ಇನ್ನಷ್ಟು ನೆನೆಯಬೇಕಾಗಿತ್ತು. ಅದು ಬೇರೆಯೇ ಬರಹದ ವಿಷಯ.

1927ರ ಮಾರ್ಚ್ 12ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಅಂಬೇಡ್ಕರ್ ಶಿಕ್ಷಣದ ಅನುದಾನದ ಮೇಲೆ ಮಾತಾಡಿದರು. ಅಂದು ಅವರು ಮುಂದಿಟ್ಟ ಅಂಕಿಗಳ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ಪ್ರಾಥಮಿಕ ಹಂತದಲ್ಲಿ ಆಯಾ ಜನಸಂಖ್ಯೆಯ ಸಾವಿರಕ್ಕೆ ಮುಂದುವರಿದ ಹಿಂದೂಗಳಲ್ಲಿ 119 ವಿದ್ಯಾರ್ಥಿಗಳು, ಮುಸಲ್ಮಾನರಲ್ಲಿ 92, ಮಧ್ಯಮ ವರ್ಗಗಳಲ್ಲಿ 38, ಹಿಂದುಳಿದ ವರ್ಗಗಳಲ್ಲಿ 18. ಮಾಧ್ಯಮಿಕ ಹಂತಕ್ಕೆ ಬಂದರೆ ಲೆಕ್ಕ ಲಕ್ಷಕ್ಕೆ: 3,000, 500, 140, 14. ಕಾಲೇಜಿಗೆ ಬಂದರೆ ಎರಡು ಲಕ್ಷಕ್ಕೆ: 1,000, 52, 14, ಕಡೆಯವರಲ್ಲಿ ಸೊನ್ನೆ. ಹಂತ ಏರಿದಂತೆ ಅಳತೆಗೋಲನ್ನೇ ದೊಡ್ಡದು ಮಾಡಬೇಕಾಯಿತು. ಇಲ್ಲವಾದರೆ ಕೊನೆಯ ಸಾಲು ಅಂಕಿಯಾಗಿಯೇ ಕಾಣುತ್ತಿರಲಿಲ್ಲ. ಮೊದಲ ಮೆಟ್ಟಿಲಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಇದ್ದ ಅಂತರ ಸುಮಾರು ಆರೂವರೆ ಪಟ್ಟು. ಎರಡನೆಯದರಲ್ಲಿ ಇನ್ನೂರಕ್ಕೂ ಮಿಕ್ಕು. ಅಂದರೆ ಅಂತರ ಬಾಗಿಲಲ್ಲಿ ಹುಟ್ಟುವುದಷ್ಟೇ ಅಲ್ಲ, ಶಾಲೆಯ ಒಳಗೆ ವರ್ಷವರ್ಷವೂ ಬೆಳೆಯುತ್ತಿತ್ತು. ಶಾಲೆಗೆ ಸೇರಿದ ನೂರು ಮಕ್ಕಳಲ್ಲಿ ನಾಲ್ಕನೆಯ ತರಗತಿ ಮುಟ್ಟುವವರು 18 ಮಂದಿ, ಉಳಿದ 82 ಮಂದಿ ಮತ್ತೆ ನಿರಕ್ಷರತೆಗೆ ಜಾರುತ್ತಾರೆ ಎಂದೂ ಅವರು ಅದೇ ಭಾಷಣದಲ್ಲಿ ಹೇಳಿದರು. ಆ 82ರಲ್ಲಿ ಯಾರ ಮಕ್ಕಳು ಹೆಚ್ಚಿದ್ದರೆಂಬುದನ್ನು ಮೇಲಿನ ಸಾಲುಗಳಿಂದಲೇ ಊಹಿಸಬಹುದು.

ಶಾಲೆಗಳನ್ನು ಸ್ಥಳೀಯ ಮಂಡಳಿಗಳಿಗೆ ಒಪ್ಪಿಸಿದ 1923ರ ಪ್ರಾಥಮಿಕ ಶಿಕ್ಷಣ ಕಾಯಿದೆಯನ್ನು ಅವರು ಅನುಮಾನದಿಂದಲೇ ಕಂಡರು. ಊರಿನ ಪ್ರಬಲರ ಕೈಗೆ ಶಾಲೆ ಹೋದರೆ ಧಾರವಾಡದ ನಿರ್ಣಯ ಊರೂರಲ್ಲಿಯೂ ಮತ್ತೆ ಬರೆಯಲ್ಪಟ್ಟೀತೆಂಬ ಆತಂಕಕ್ಕೆ ಕಾರಣಗಳಿದ್ದವು. ಖಡಕಿಯ ಸಾರ್ವಜನಿಕ ಪ್ರಾಥಮಿಕ ಶಾಲೆಗಳನ್ನು ಇಂದಿಗೂ ನಡೆಸುವುದು ಪುಣೆಯ ಮಹಾನಗರಪಾಲಿಕೆಯಲ್ಲ, ದಂಡಿನ ಮಂಡಳಿ. 1817ರ ಕಾಳಗದ ಒಂದು ಪಾರ್ಶ್ವವಾಗಿದ್ದ ಗಣೇಶಖಿಂಡಿಯಲ್ಲಿ ಈಗ ವಿಶ್ವವಿದ್ಯಾಲಯವಿದೆ. 2014ರಿಂದ ಅದರ ಹೆಸರು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ.

1928ರ ಮೇ ತಿಂಗಳಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಅಂಬೇಡ್ಕರ್ ಸಲ್ಲಿಸಿದ ಶಿಕ್ಷಣದ ಹೇಳಿಕೆಯಲ್ಲಿ ಧಾರವಾಡದ ಹುಡುಗನ ಪ್ರಕರಣ, ಸರಕಾರದ ನಿರ್ಣಯದ ಮಾತುಗಳ ಸಮೇತ, ಮತ್ತೆ ಬರುತ್ತದೆ. ಅಕ್ಟೋಬರ್ 23ರಂದು ಅವರು ಆಯೋಗದ ಮುಂದೆ ಸಾಕ್ಷ್ಯ ಹೇಳಲು ಕುಳಿತುದು ಪುಣೆಯಲ್ಲಿ. ಅರ್ಜಿ ಹಾಕಿ ಆಗ 72 ವರ್ಷಗಳಾಗಿದ್ದವು.