ಪದ ಪರಿಚಯ: ಆವೃತ್ತಿ

ಕವಿ ರನ್ನನ ಊರು ಬೆಳಗಲಿಯ ಓದುಗರಿಗೆ ‘ಆವೃತ್ತಿ’ ಎಂದರೆ ‘ಗದಾಯುದ್ಧ’ದ ಹೊಸ ಮುದ್ರಣ. ಅಲ್ಲಿಯ ಹೈಸ್ಕೂಲು ಮಕ್ಕಳಿಗೆ ಅದು ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ; ಮಾನ ಹರ್ಟ್ಸ್.

ಸಂಸ್ಕೃತದ ‘ವೃತ್’ ಧಾತುವಿಗೆ ತಿರುಗು ಎಂಬ ಅರ್ಥವಿದೆ. ‘ಆ’ ಸೇರಿದರೆ ಮರಳಿ ಬರುವುದು. ನೀರಿನ ಸುಳಿಯಾದ ‘ಆವರ್ತ’, ತಾಳದ ಸುತ್ತಾದ ‘ಆವರ್ತನ’ ಇದೇ ಬಳಗದವು.

ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳಿಗೆ ಬರುವ ಕರೆಂಟಿನ ಆವೃತ್ತಿ 50 ಹರ್ಟ್ಸ್. ನಿಮಿಷಕ್ಕೆ 1500 ಸುತ್ತು ತಿರುಗುವ ಯಂತ್ರದ ಭಾರ ಒಂದು ಕಡೆಗೆ ಹೆಚ್ಚಾಗಿದ್ದರೆ ಅದರ ನಡುಕವನ್ನು ಅಳೆದ ಸಂಕೇತವನ್ನು ಬಿಡಿಸಿ ನೋಡಿದಾಗ ಆ ದೋಷ 25 ಹರ್ಟ್ಸ್‌ನಲ್ಲಿ ಎದ್ದು ಕಾಣುತ್ತದೆ. ಕಲಸಿಹೋದ ಸಂಕೇತವನ್ನು ಹೀಗೆ ಆವೃತ್ತಿವಾರು ಬಿಡಿಸುವ ಗಣಿತಕ್ಕೆ ಬುನಾದಿ, ಶಾಖದ ಬಗ್ಗೆ ಫ್ರಾನ್ಸಿನ ಫೂರಿಯೆ 1822ರಲ್ಲಿ ಪ್ರಕಟಿಸಿದ ಗ್ರಂಥ.

ಪತ್ರಿಕೆಗಳಲ್ಲಿ ಇದೇ ಅರ್ಥಕ್ಕೆ ‘ತರಂಗಾಂತರ’ ಎಂಬ ಮಾತೂ ಓಡಾಡುತ್ತದೆ. ಅಳತೆಯ ವಿಷಯಕ್ಕೆ ‘ಆವೃತ್ತಿ’ಯೇ ಖಚಿತ.